ಕಡ ಬಂದ ಸ್ಪೀಕರ್‌ಗೆ ಎಷ್ಟು ಅಂಕ?

ಆಡಿಯೋ ಹವ್ಯಾಸಿಗಳ ಪತ್ರಿಕೆಯೊಂದಕ್ಕೆ ನಾನು ಹಲವು ವರ್ಷ ಸ್ಪೀಕರ್, ಆಂಪ್ಲಿಫೈಯರ್‌ಗಳ ವಿಮರ್ಶೆ ಬರೆದಿದ್ದೇನೆ. "ಕಂಪನಿಯವರು ನಿಮಗೆ ಎಷ್ಟು ಕೊಡ್ತಾರೆ?" ಅಂತ ಓದುಗರು ಕೇಳುತ್ತಿದ್ದರು. ಕವರಿನಲ್ಲಿ ದುಡ್ಡು ಹಾಕಿ ಕೊಟ್ಟವರು ಯಾರೂ ಇಲ್ಲ. ಅದರ ಅಗತ್ಯವೂ ಇರಲಿಲ್ಲ. ಲಂಚ ಅಂತ ಯಾರಿಗೂ ಅನ್ನಿಸದ, ಅದಕ್ಕಿಂತ ಸಲೀಸಾದ ದಾರಿಗಳಿದ್ದವು.

ಅವುಗಳಲ್ಲಿ ದೊಡ್ಡದು ಕಡ. ಪರೀಕ್ಷೆಗೆ ಬರುವ ಸಾಮಾನೆಲ್ಲ ಕಡವಾಗಿಯೇ ಬರುತ್ತದೆ, ಕೆಲಸ ಮುಗಿದ ಮೇಲೆ ವಾಪಸ್ ಹೋಗಬೇಕು. ಆದರೆ ವಿಮರ್ಶೆ ಚೆನ್ನಾಗಿ ಬಂದರೆ ವಾಪಸ್ ಕೇಳುವ ಫೋನ್ ಬರುವುದೇ ಇಲ್ಲ. ನಾನೇ ಫೋನ್ ಮಾಡಿದರೆ, "ಇರ್ಲಿ ಬಿಡಿ ಸಾರ್, ನಿಮ್ಮ ಹತ್ರಾನೇ ಇರ್ಲಿ. ಮುಂದಿನ ಮಾಡೆಲ್ ಬಂದಾಗ ಹೋಲಿಸಿ ನೋಡೋಕೆ ಬೇಕಾಗುತ್ತಲ್ಲ" ಅನ್ನುವ ಉತ್ತರ. ಮಾತು ಸುಳ್ಳೂ ಅಲ್ಲ. ಹೋಲಿಸಿ ನೋಡಲು ಯಾವಾಗಲೂ ಕೈಗೆ ಸಿಗುವ ಒಂದು ಜೋಡಿ ಬೇಕೇ ಬೇಕು. ತೊಡಕು ಬೇರೆ ಕಡೆ ಇದೆ. ನನ್ನ ಸಂಬಳದಲ್ಲಿ ಎಂದೂ ಕೊಳ್ಳಲಾಗದ ಸ್ಪೀಕರ್ ದಿನಾ ಸಂಜೆ ನನ್ನ ಕೋಣೆಯಲ್ಲಿ ಹಾಡುತ್ತಿರುತ್ತದೆ. ಮುಂದಿನ ವರ್ಷ ಅದೇ ಕಂಪನಿಯ ಆಂಪ್ಲಿಫೈಯರ್ ಬರುತ್ತದೆ. ಅದು ಸುಮಾರಾಗಿದೆ ಅಂತ ಬರೆದರೆ ಸ್ಪೀಕರ್ ಉಳಿಯುತ್ತದಾ? ಹಾಗಂತ ಯಾರೂ ಬೆದರಿಸಿಲ್ಲ. ಬೆದರಿಸಬೇಕಾಗಿಯೂ ಇಲ್ಲ, ಲೆಕ್ಕ ನಾವೇ ಹಾಕಿಕೊಂಡಿರುತ್ತೇವೆ.

ಇದಕ್ಕೆ ನಾನು ಎರಡು ಕೆಲಸ ಮಾಡಿದೆ. ಹೋಲಿಕೆಗೆ ಬೇಕಾದ ಜೋಡಿಯನ್ನು ಅಂಗಡಿಯಲ್ಲಿ, ಎಲ್ಲರ ಹಾಗೆ ಪೂರ್ತಿ ಬೆಲೆ ಕೊಟ್ಟು ಕೊಂಡೆ. ಮಧ್ಯಮ ದರ್ಜೆಯದು, ಆದರೆ ಅದರ ಒಳ್ಳೆಯದು ಕೆಟ್ಟದ್ದು ಎರಡೂ ನನಗೆ ಗೊತ್ತು. ಇನ್ನೊಂದು, ಸಾಮಾನು ಬರುವ ಮೊದಲೇ ವಾಪಸಾತಿಯ ತಾರೀಖು ಬರೆಸಿಕೊಳ್ಳುತ್ತಿದ್ದೆ. ಪೆಟ್ಟಿಗೆ ಮನೆಯಿಂದ ಹೊರಟ ಮೇಲೆಯೇ ಬರೆಯಲು ಕೂರುತ್ತಿದ್ದೆ. ಟಿಪ್ಪಣಿ, ಅಳತೆ ಎಲ್ಲ ಕೈಯಲ್ಲಿ ಇರುತ್ತದಲ್ಲ, ಸ್ಪೀಕರ್ ಎದುರಿಗೇ ಇರಬೇಕಂತಿಲ್ಲ. ಅದು ಇಲ್ಲದ ಕೋಣೆಯಲ್ಲಿ ಬರೆದರೆ ಕೈ ತಡೆಯುವುದಿಲ್ಲ.

ವಿಮರ್ಶಕರಿಗೆ ಅಂತ ರಿಯಾಯಿತಿ ದರವೂ ಇರುತ್ತದೆ. ಅಂಗಡಿಯವನಿಗೆ ಬೀಳುವ ಬೆಲೆಗೇ ಸಾಮಾನು ಸಿಗುತ್ತದೆ. ಅದನ್ನು ಕೊಂಡು, ಒಂದಷ್ಟು ದಿನ ಕೇಳಿ, ಲಾಭಕ್ಕೆ ಮಾರುವವರನ್ನೂ ನೋಡಿದ್ದೇನೆ. ರಿಯಾಯಿತಿಯೇ ತಪ್ಪು ಅನ್ನುವಷ್ಟು ಮಡಿವಂತ ನಾನಲ್ಲ. ಆದರೆ ಆ ಸಂಗತಿ ವಿಮರ್ಶೆಯ ಕೆಳಗೆ ಅಚ್ಚಾಗಬೇಕು. "ಈ ಲೇಖಕರು ಇದೇ ಕಂಪನಿಯ ಸಾಮಾನನ್ನು ರಿಯಾಯಿತಿ ದರದಲ್ಲಿ ಕೊಂಡಿದ್ದಾರೆ" ಅನ್ನುವ ಒಂದು ಸಾಲು ಸಾಕು. ಈ ಸಾಲಿಗೆ ನಮ್ಮ ಸಂಪಾದಕರು ಒಪ್ಪಲು ಬಹಳ ಕಾಲ ಹಿಡಿಯಿತು. ಓದುಗರು ಏನಂದುಕೊಳ್ಳುತ್ತಾರೋ ಅನ್ನುವ ಹೆದರಿಕೆ.

ಕಾರ್ಖಾನೆ ತೋರಿಸಲು ವಿಮಾನದಲ್ಲಿ ಕರೆದುಕೊಂಡು ಹೋಗುವುದು, ಒಳ್ಳೆಯ ಹೋಟೆಲು, ರಾತ್ರಿ ಊಟ, ಇವೆಲ್ಲ ಇದ್ದದ್ದೇ. ಹೋಟೆಲು ಮರೆತುಹೋಗುತ್ತದೆ. ಮರೆಯದವನು ಅಲ್ಲಿ ಭೇಟಿಯಾದ ಎಂಜಿನಿಯರ್. ಕಣ್ಣರಳಿಸಿ ತನ್ನ ವಿನ್ಯಾಸ ವಿವರಿಸಿದ ಮನುಷ್ಯನ ಸ್ಪೀಕರ್ ಬಗ್ಗೆ ಕಟುವಾಗಿ ಬರೆಯುವುದು ಬಲು ಕಷ್ಟ. ಅದಕ್ಕೇ ಕಾರ್ಖಾನೆಗೆ ಹೋದವನು ಆ ಕಂಪನಿಯ ವಿಮರ್ಶೆ ಬರೆಯಬಾರದು ಅಂತ ಮಾಡಿಕೊಂಡೆವು. ಅವನು ಕಾರ್ಖಾನೆಯ ಬಗ್ಗೆ ಬರೆಯಲಿ, ಸ್ಪೀಕರನ್ನು ಬೇರೆಯವರು ಕೇಳಲಿ.

ಜಾಹೀರಾತಿನ ಕಥೆ ಹಳೆಯದು. ಅಮೆರಿಕದ ಜೆ. ಗಾರ್ಡನ್ ಹೋಲ್ಟ್ 1962ರಲ್ಲಿ 'ಸ್ಟೀರಿಯೋಫೈಲ್' ಅನ್ನುವ ಆಡಿಯೋ ಪತ್ರಿಕೆ ಶುರು ಮಾಡಿದ್ದೇ, ಜಾಹೀರಾತುದಾರರಿಗೆ ನೋವಾಗದಂತೆ ಬರೆಯುವ ಆಗಿನ ಪತ್ರಿಕೆಗಳ ರೀತಿಯಿಂದ ಬೇಸತ್ತು. ಹ್ಯಾರಿ ಪಿಯರ್ಸನ್ 1973ರಲ್ಲಿ ತಂದ 'ದಿ ಆ್ಯಬ್ಸಲ್ಯೂಟ್ ಸೌಂಡ್' ಕೂಡ ಮೊದಲು ಜಾಹೀರಾತು ಬೇಡ ಅಂದಿತ್ತು. ಮುಂದೆ ಎರಡೂ ಜಾಹೀರಾತು ತೆಗೆದುಕೊಂಡವು. ಚಂದಾ ಹಣದಲ್ಲೇ ಹವ್ಯಾಸದ ಪತ್ರಿಕೆ ನಡೆಸುವುದು ಅಷ್ಟು ಕಷ್ಟ. 1936ರಲ್ಲಿ ಹುಟ್ಟಿದ ಅಮೆರಿಕದ ಗ್ರಾಹಕರ ಸಂಸ್ಥೆ ಕನ್ಸೂಮರ್ಸ್ ಯೂನಿಯನ್ (ಈಗಿನ ಹೆಸರು ಕನ್ಸೂಮರ್ ರಿಪೋರ್ಟ್ಸ್) ಜಾಹೀರಾತಿಲ್ಲದೆ, ಪರೀಕ್ಷೆಯ ಸಾಮಾನನ್ನು ತಾನೇ ಕೊಂಡು ಉಳಿದುಕೊಂಡಿದೆ. ಆದರೆ ಅದು ತೊಳೆಯುವ ಯಂತ್ರದಿಂದ ಕಾರಿನವರೆಗೆ ಎಲ್ಲರಿಗೂ ಬೇಕಾದ್ದನ್ನು ನೋಡುತ್ತದೆ. ಟ್ಯೂಬ್ ಆಂಪ್ಲಿಫೈಯರ್ ಹುಚ್ಚಿರುವ ನಮ್ಮಂಥ ಕೆಲವರನ್ನೇ ನಂಬಿ ಅಷ್ಟು ದೊಡ್ಡ ಸಂಸ್ಥೆ ನಡೆಯುವುದಿಲ್ಲ.

ಜಾಹೀರಾತಿನ ಪ್ರಭಾವ ಬರೀ ಅನುಮಾನವಲ್ಲ. ಜೊನಾಥನ್ ರಾಯ್ಟರ್ ಮತ್ತು ಎರಿಕ್ ಝಿಟ್ಸೆವಿಟ್ಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಣಕಾಸು ಪತ್ರಿಕೆಗಳು ಹೊಗಳುವ ಮ್ಯೂಚುವಲ್ ಫಂಡ್‌ಗಳಿಗೂ ಆ ಫಂಡ್ ಕಂಪನಿಗಳು ಅಲ್ಲಿ ಕೊಟ್ಟ ಜಾಹೀರಾತಿಗೂ ನಂಟು ಕಂಡಿತು. ಅವರು ನೋಡಿದ ಎರಡು ದೊಡ್ಡ ದಿನಪತ್ರಿಕೆಗಳಲ್ಲಿ ಅಂಥ ನಂಟು ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ದಿನಪತ್ರಿಕೆಗೆ ನೂರೆಂಟು ಬಗೆಯ ಜಾಹೀರಾತು ಬರುತ್ತದೆ. ಹವ್ಯಾಸದ ಪತ್ರಿಕೆಗೆ ಜಾಹೀರಾತು ಕೊಡುವವರೂ, ವಿಮರ್ಶೆಗೆ ಸಾಮಾನು ಕಳಿಸುವವರೂ ಅದೇ ನಾಲ್ಕು ಜನ.

ಆದರೆ ನನ್ನ ಪ್ರಕಾರ ಪಕ್ಷಪಾತ ಜಾಸ್ತಿ ಇರುವುದು ಅಚ್ಚಾದ ಸಾಲುಗಳಲ್ಲಿ ಅಲ್ಲ, ಅಚ್ಚಾಗದ ವಿಮರ್ಶೆಗಳಲ್ಲಿ. ಸ್ಪೀಕರ್ ಚೆನ್ನಾಗಿಲ್ಲ ಅಂತ ಫೋನ್ ಮಾಡಿದರೆ ಸಂಪಾದಕರು, "ಹಾಗಾದ್ರೆ ಬಿಟ್ಬಿಡಿ, ಇರೋ ನಾಲ್ಕು ಪುಟದಲ್ಲಿ ಒಳ್ಳೇದನ್ನ ಹೇಳೋಣ" ಅನ್ನುತ್ತಿದ್ದರು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ವರ್ಷವಿಡೀ ಓದಿದವನಿಗೆ ಜಗತ್ತಿನಲ್ಲಿ ಕೆಟ್ಟ ಸ್ಪೀಕರೇ ಇಲ್ಲ ಅನ್ನಿಸುತ್ತದೆ. ಕಳಪೆ ಸಾಮಾನು ಸದ್ದಿಲ್ಲದೆ ಪೆಟ್ಟಿಗೆ ಸೇರಿ ವಾಪಸ್ ಹೋಗಿರುತ್ತದೆ. ಪರೀಕ್ಷೆಗೆ ಬಂದು ವಿಮರ್ಶೆಯಿಲ್ಲದೆ ಹೋದವುಗಳ ಹೆಸರನ್ನಾದರೂ ಹಾಕೋಣ, ಕಾರಣ ಬೇಡ ಅಂತ ಕೇಳಿದೆ. ಜಾಹೀರಾತು ವಿಭಾಗದವರು ಕುರ್ಚಿ ಬಿಟ್ಟು ಎದ್ದರು. ಕೊನೆಗೆ ಒಪ್ಪಿದ್ದು ಇಷ್ಟು: ಒಂದು ಸಾಮಾನನ್ನು ಪರೀಕ್ಷೆಗೆ ತೆಗೆದುಕೊಂಡೆವು ಅಂತ ಮುಂಚೆಯೇ ಅಚ್ಚು ಮಾಡುವುದು. ಒಮ್ಮೆ ಹೆಸರು ಬಂದ ಮೇಲೆ ಅದನ್ನು ಸುಮ್ನೆ ಕೈಬಿಡುವುದು ಕಷ್ಟ, ಓದುಗರು ಕಾಗದ ಬರೆಯುತ್ತಾರೆ. ನಾನು ಮಾಡಿದ್ದರಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

ಇನ್ನು ನಮ್ಮ ಕಿವಿ. ಸದ್ದಿನ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 1994ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅದರಲ್ಲಿ 40 ಜನ ನಾಲ್ಕು ಸ್ಪೀಕರ್‌ಗಳನ್ನು ನೋಡಿಕೊಂಡೂ ಕೇಳಿದರು, ಪರದೆಯ ಹಿಂದಿಟ್ಟೂ ಕೇಳಿದರು. ಕಣ್ಣಿಗೆ ಕಂಡಾಗ ದೊಡ್ಡ, ಭಾರಿ ಸ್ಪೀಕರ್‌ಗಳಿಗೆ ಜಾಸ್ತಿ ಅಂಕ ಬಿತ್ತು. ಪರದೆ ಬಂದಾಗ ಆ ಅಂತರ ಕುಗ್ಗಿತು. ಸ್ಪೀಕರಿನ ಜಾಗ ಬದಲಿಸಿದರೆ ಸದ್ದು ನಿಜವಾಗಿಯೂ ಬದಲಾಗುತ್ತದೆ, ಆದರೆ ನೋಡುತ್ತಾ ಕೇಳಿದವರ ಅಂಕದಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಯಾವ ಕಂಪನಿಯ ಊಟವೂ ಇಲ್ಲದೆ ಇಷ್ಟು ವಾಲುವ ಕಿವಿ ನಮ್ಮದು. ಕಡ ಬಂದ ಸಾಮಾನಿನ ಋಣವೂ ಸೇರಿದರೆ ಹೇಗೆ?

ಹಾಗಾಗಿ ನಾನೂ ಸ್ಪೀಕರಿನ ಮುಂದೆ ಜಾಲರಿಯಂಥ ತೆಳು ಬಟ್ಟೆ ಕಟ್ಟಿದೆ. ಗೆಳೆಯರೊಬ್ಬರು ಹಿಂದೆ ನಿಂತು ಅದಲು ಬದಲು ಮಾಡುತ್ತಿದ್ದರು. ಆಂಪ್ಲಿಫೈಯರ್ ಹೋಲಿಸುವಾಗ ಇನ್ನೊಂದು ಎಚ್ಚರ ಬೇಕು. ಸ್ವಲ್ಪ ಜೋರಾಗಿರುವುದು ನಮಗೆ ಜೋರು ಅಂತ ಅನ್ನಿಸುವುದಿಲ್ಲ, "ಸ್ಪಷ್ಟ", "ಜೀವಂತ" ಅನ್ನಿಸುತ್ತದೆ. ಸ್ಪೀಕರಿನ ಟರ್ಮಿನಲ್‌ಗೆ ವೋಲ್ಟ್‌ಮೀಟರ್ ಹಚ್ಚಿ, ಎರಡರ ಸದ್ದಿನ ಮಟ್ಟವನ್ನೂ 0.1 ಡೆಸಿಬೆಲ್ ಒಳಗೆ ಸರಿಹೊಂದಿಸುತ್ತಿದ್ದೆ. ಒಂದರಲ್ಲಿ 2.83 ವೋಲ್ಟ್ ಇದ್ದರೆ ಇನ್ನೊಂದರಲ್ಲಿ 2.86 ದಾಟಬಾರದು. ಇಷ್ಟು ಮಾಡಿದ ಮೇಲೆ ನನ್ನ ಹಳೆಯ ಟಿಪ್ಪಣಿಗಳಲ್ಲಿದ್ದ ಎಷ್ಟೋ ವಿಶೇಷಣಗಳು ಕೆಲಸವಿಲ್ಲದೆ ಕೂತವು. ಆಡಿಯೋ ಕೇಬಲ್‌ಗಳ ವಿಮರ್ಶೆ ಬರೆಯುವುದನ್ನಂತೂ ನಿಲ್ಲಿಸಿದೆ.

ಕೆಲವು ಕಂಪನಿಯವರು "ನೂರಾರು ಗಂಟೆ ನುಡಿಸಿ ಪಳಗಿಸಿದ ಮೇಲೆ ಕೇಳಿ" ಅನ್ನುತ್ತಾರೆ. ಅಷ್ಟರಲ್ಲಿ ಗಿರಾಕಿ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ, ಅದು ಬೇರೆ ಮಾತು.

ಅಚ್ಚಿಗೆ ಮೊದಲು ಪ್ರತಿ ಕಳಿಸಿ, ತಪ್ಪಿದ್ದರೆ ತಿದ್ದುತ್ತೇವೆ ಅಂತಲೂ ಕೇಳುತ್ತಾರೆ. ತೂಕ, ಅಳತೆ, ಬೆಲೆ, ಸಲಕರಣೆಯ ವಿವರ ಇರುವ ಪಟ್ಟಿ ಮಾತ್ರ ಕಳಿಸುತ್ತಿದ್ದೆ. ಅಭಿಪ್ರಾಯದ ಭಾಗ ಕಳಿಸಿದರೆ, "ಮಂದ್ರ ತೆಳುವಾಗಿದೆ" ಅನ್ನುವುದು ವಾಪಸ್ ಬರುವಷ್ಟರಲ್ಲಿ "ಮಂದ್ರದಲ್ಲಿ ಸಂಯಮವಿದೆ" ಆಗಿರುತ್ತಿತ್ತು. ಅವರಿಗೆ ಒಪ್ಪಿಗೆಯಾಗದಿದ್ದರೆ ವಿಮರ್ಶೆಯ ಪಕ್ಕದಲ್ಲೇ ಅವರ ಉತ್ತರವನ್ನು ಅವರ ಹೆಸರಿನಲ್ಲಿ ಹಾಕುವುದು ಒಳ್ಳೆಯ ಪದ್ಧತಿ. ಓದುಗರು ಎರಡನ್ನೂ ನೋಡಲಿ.

ಇಷ್ಟೆಲ್ಲ ಮಾಡಿದ್ದಕ್ಕೆ ಒಂದೆರಡು ಕಂಪನಿಗಳು ಸಾಮಾನು ಕಳಿಸುವುದನ್ನೇ ನಿಲ್ಲಿಸಿದವು. ಆಗ ಓದುಗರ ಹತ್ತಿರ ಕಡ ಕೇಳಲು ಶುರು ಮಾಡಿದೆ. ಕಂಪನಿ ಆರಿಸಿ ಕಳಿಸಿದ್ದಕ್ಕಿಂತ ಇದು ವಾಸಿ: ಅಂಗಡಿಯಲ್ಲಿ ಕೊಂಡದ್ದು, ಕೆಲವು ವರ್ಷ ದುಡಿದದ್ದು. ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ, ರಿಮೋಟ್ ಕೈಕೊಟ್ಟಿರುತ್ತದೆ. ಹೊಸ ಪೆಟ್ಟಿಗೆ ಬಿಚ್ಚಿ ಬರೆಯುವ ವಿಮರ್ಶೆಯಲ್ಲಿ ಇದು ಯಾವುದೂ ಸಿಗುವುದಿಲ್ಲ. ಆದರೆ ತನ್ನ ದುಡ್ಡು ಸುರಿದವನು ಕಂಪನಿಯವರಿಗಿಂತ ಒಂದು ಕೈ ಮೇಲು. ಪೆಟ್ಟಿಗೆ ಇಳಿಸುವಾಗಲೇ "ಇದಕ್ಕೆ ಸಾಟಿ ಇಲ್ಲ ಸಾರ್, ನೀವೇ ನೋಡ್ತೀರಿ" ಅನ್ನುತ್ತಾನೆ. ಅವನೂ ಅಂಕ ಬಂದ ಮೇಲೆ ಫೋನ್ ಮಾಡುತ್ತಾನೆ. ಆದ್ದರಿಂದ ಸಾಮಾನು ಯಾರದ್ದೇ ಇರಲಿ, ಪರದೆ ಕಟ್ಟುತ್ತೇನೆ, ವೋಲ್ಟ್‌ಮೀಟರ್ ಹಚ್ಚುತ್ತೇನೆ, ಪರೀಕ್ಷೆ ಮುಗಿಯುವವರೆಗೆ ಕೊಟ್ಟವರ ಅಭಿಪ್ರಾಯ ಕೇಳುವುದಿಲ್ಲ.