ರೊಟ್ಟಿಗೆ ಜಾಗ ಮಾಡಿದ್ದು

ನಮ್ಮ ಚರ್ಚಿನಲ್ಲಿ ಕರ್ತನ ಮೇಜನ್ನು, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ಹಂಚುವ ಮೇಜನ್ನು, ಸಿದ್ಧ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ಅದು ಗೋಡೆಗೆ ಅಂಟಿಕೊಂಡು ನಿಂತಿತ್ತು. ಮೇಲೆ ಎರಡು ಹೂದಾನಿ, ತೆರೆದಿಟ್ಟ ದೊಡ್ಡ ಬೈಬಲ್, ಮೇಣದಬತ್ತಿ, ಕಾಣಿಕೆ ತಟ್ಟೆ, ಸಾಲದ್ದಕ್ಕೆ ಮೈಕಿನ ವೈರು. ರೊಟ್ಟಿಗೆ ಉಳಿದದ್ದು ಒಂದು ಮೂಲೆ. ಊಟದ ಮೇಜಿನ ಮೇಲೆ ಊಟಕ್ಕೇ ಜಾಗವಿಲ್ಲ!

ಒಂದೊಂದಾಗಿ ಎಲ್ಲ ಇಳಿಸಿದೆ. ಮೇಜನ್ನು ಎರಡು ಮೊಳ ಮುಂದಕ್ಕೆ ತರೋಣ, ಸಭಾಪಾಲಕರು (ನಮ್ಮ ಪಾದ್ರಿ) ಹಿಂದೆ ನಿಂತು ನಮ್ಮ ಕಡೆ ಮುಖ ಮಾಡಲಿ ಅಂದಾಗ ಹಿರಿಯರೊಬ್ಬರು ತಡೆದರು. “ಬಲಿಪೀಠವನ್ನು ಅಲುಗಿಸಬಾರದು.” ಅದು ಬಲಿಪೀಠವೋ ಊಟದ ಮೇಜೋ ಎಂಬ ಹಳೇ ಜಗಳವೆಲ್ಲ ಆ ಮಾತಿನಲ್ಲೇ ಇದೆ. ಬಲಿಪೀಠ ಬಲಿ ಕೊಡಲಿಕ್ಕೆ, ಮೇಜು ಉಣ್ಣಲಿಕ್ಕೆ ಎಂದು ವಾದಿಸಿ ಲಂಡನ್ನಿನ ಬಿಷಪ್ ನಿಕೋಲಸ್ ರಿಡ್ಲೆ 1550ರಲ್ಲಿ ಕಲ್ಲಿನ ಪೀಠಗಳನ್ನು ತೆಗೆಸಿ ಮೇಜು ಹಾಕಿಸಿದರು. ಜ್ಯೂರಿಕ್‌ನಲ್ಲಿ ಚರ್ಚ್ ಸುಧಾರಕ ಜ್ವಿಂಗ್ಲಿ 1525ರಲ್ಲೇ ಮರದ ತಟ್ಟೆ, ಮರದ ಬಟ್ಟಲು ಬಳಸಿದ್ದರು. ಇನ್ನೊಬ್ಬ ಸುಧಾರಕ ಮಾರ್ಟಿನ್ ಲೂಥರರ ಹಾದಿಯ ಲೂಥರನ್ನರು ಮಾತ್ರ ಪೀಠವನ್ನು ಉಳಿಸಿಕೊಂಡರು. ಹಾಗಾಗಿ ಹಿರಿಯರ ಮಾತು ಪೂರಾ ತಪ್ಪೂ ಅಲ್ಲ. ಇದನ್ನೆಲ್ಲ ಹೇಳಿದೆ. ಅವರು ಜಗ್ಗಲಿಲ್ಲ. ಒಂದು ಭಾನುವಾರ ಮಾತ್ರ ಮಾಡಿ ನೋಡೋಣ ಎಂದ ಮೇಲೆ ಒಪ್ಪಿದರು.

ಆ ಭಾನುವಾರ ಹೋಳು ಮಾಡದ ಇಡೀ ಬ್ರೆಡ್ಡಿನ ರೊಟ್ಟಿ ತಂದಿದ್ದೆ. ಗಟ್ಟಿ ಸಿಪ್ಪೆಯ ರೊಟ್ಟಿ ಕೈಯಲ್ಲಿ ಸುಲಭಕ್ಕೆ ಮುರಿಯುವುದಿಲ್ಲ. ತಿರುಚಿ ಎಳೆದಾಡಬೇಕಾಗುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಅದಕ್ಕೇ ತಳಭಾಗಕ್ಕೆ ಚಾಕುವಿನಲ್ಲಿ ಅರ್ಧದಷ್ಟು ಆಳ ಗೀರು ಹಾಕಿಟ್ಟಿದ್ದೆ. ಸಭಾಪಾಲಕರು ಎತ್ತಿ ಮುರಿದರು. ಸಿಪ್ಪೆ ಚಟ್ಟೆಂದದ್ದು ಕೊನೇ ಬೆಂಚಿಗೂ ಕೇಳಿಸಿತು, ಪುಡಿ ಬಿಳಿ ಬಟ್ಟೆಯ ಮೇಲೆ ಉದುರಿತು. ಮೇಜು ಮತ್ತೆ ಗೋಡೆಗೆ ಹೋಗಲಿಲ್ಲ.

ಒಬ್ಬೊಬ್ಬರಿಗೂ ರಸ ಕೊಡುವ ಪುಟ್ಟ ಬಟ್ಟಲುಗಳ ವಿಷಯದಲ್ಲಿ ಪೆಟ್ಟು ತಿಂದೇ ಕಲಿತೆ. ಬಟ್ಟಲು ಕೂರಿಸುವ ನಮ್ಮ ತಟ್ಟೆಯಲ್ಲಿ 40 ಕುಳಿ. ಮೊದಲ ಸಲ ಎಲ್ಲವನ್ನೂ ಅಂಚಿನವರೆಗೆ ತುಂಬಿದ್ದೆ. ತಟ್ಟೆ ಎತ್ತಿದವರ ಕೈ ಕೊಂಚ ವಾಲಿತು, ಮೇಜುಬಟ್ಟೆಯ ಮೇಲೆ ಅಂಗೈ ಅಗಲದ ನೇರಳೆ ಕಲೆ. ಈಗ ಅರ್ಧಕ್ಕಿಂತ ತುಸು ಮೇಲೆ, ಅಷ್ಟೇ. ಬೇಕಾದದ್ದು ಒಂದು ಗುಟುಕು. ಸಣ್ಣ ಮೂತಿಯ ಬಾಟಲಿಯಿಂದ, ಒಳಕೋಣೆಯಲ್ಲಿ, ದೂರದ ಸಾಲಿನಿಂದ ನನ್ನ ಕಡೆಗೆ ತುಂಬುತ್ತಾ ಬರುತ್ತೇನೆ. ತುಂಬಿದ ಬಟ್ಟಲುಗಳ ಮೇಲೆ ಕೈ ಹಾಯುವುದಿಲ್ಲ.

ನಾವು ವೈನ್ ಅಲ್ಲ, ಹುಳಿಯದ ದ್ರಾಕ್ಷಿರಸ ಬಳಸುವವರು. 1869ರಲ್ಲಿ ಥಾಮಸ್ ವೆಲ್ಚ್ ಎಂಬ ಮೆಥಡಿಸ್ಟ್ ಪಂಗಡದ ದಂತವೈದ್ಯರು ರೊಟ್ಟಿ-ರಸದ ಈ ಸಂಸ್ಕಾರಕ್ಕೆಂದೇ ರಸವನ್ನು ಬಿಸಿಮಾಡಿ ಹುಳಿಯದಂತೆ ಬಾಟಲಿಗೆ ತುಂಬಿದ್ದರು. ಆದರೆ ಮುಚ್ಚಳ ತೆಗೆದ ಮೇಲೆ ಆ ಉಪಾಯ ನಡೆಯುವುದಿಲ್ಲ. ಉಳಿದದ್ದನ್ನು ಮುಂದಿನ ತಿಂಗಳಿಗೆಂದು ಕಪಾಟಿನಲ್ಲಿಟ್ಟು, ತೆಗೆದಾಗ ಬುಸ್ಸೆಂದು ನೊರೆ ಬಂದದ್ದು ನನ್ನದೇ ಪೆದ್ದುತನ.

ಆ ಹಿರಿಯರು ಈಗಲೂ ಅದನ್ನು ಬಲಿಪೀಠ ಎಂದೇ ಕರೆಯುತ್ತಾರೆ. ಆರಾಧನೆ ಮುಗಿದ ಕೂಡಲೇ ಒಳಕೋಣೆಗೆ ಬಂದು ಬಟ್ಟಲುಗಳನ್ನು ನೀರಿಗೆ ಹಾಕುವವರೂ ಅವರೇ. ರಸ ಒಣಗಿ ತಳಕ್ಕೆ ಅಂಟಿದರೆ ಒಂದೊಂದನ್ನೂ ಬೆರಳು ತೂರಿಸಿ ಉಜ್ಜಬೇಕಾಗುತ್ತದೆ.