ಒನಕೆ ಎತ್ತದ ಓಬವ್ವ: ನನ್ನ ಅನುಭವ

ಮೂರನೇ ಸಲಕ್ಕೆ ನಾನು ಮಾಡಿದ ಸಿಮೆಂಟಿನ ಓಬವ್ವ ನಿಂತಳು. ಮೊದಲೆರಡು ಸಲ ಕೈ ಮುರಿದಾಗ ನಕ್ಕವರು ಈಗ ಬಂದು ನೋಡಲಿ. ಎರಡು ಮಳೆಗಾಲ ಕಳೆದಿದೆ, ಕೂದಲೆಳೆಯಷ್ಟೂ ಬಿರುಕಿಲ್ಲ.

ನಮ್ಮೂರ ಸರ್ಕಲ್ಲಿಗೆ 7 ಅಡಿ ಪ್ರತಿಮೆ. ಕಂಚಿಗೆ ದುಡ್ಡಿಲ್ಲ, ಸಿಮೆಂಟಿನಲ್ಲೇ ಆಗಬೇಕು. ಮಾತಾದದ್ದು 1,80,000 ರೂಪಾಯಿ. ಚಿತ್ರದುರ್ಗದ ಡಿಸಿ ಆಫೀಸ್ ಮುಂದೆ ಅಶೋಕ್ ಗುಡಿಗಾರ್ ಮಾಡಿದ ಓಬವ್ವ ಇದ್ದಾಳಲ್ಲ, ಸಮಿತಿಯವರು ಅದರ ಫೋಟೊ ಹಿಡಿದೇ ಬಂದಿದ್ದರು. ಜೊತೆಗೆ ಮುಖ ಸಿನಿಮಾದ ಓಬವ್ವನ ಥರ ಇರಲಿ, ಒನಕೆ ತಲೆ ಮೇಲೆ ಎತ್ತಿರಲಿ, ಕಾಲಡಿ ನಾಲ್ಕು ರುಂಡ ಇರಲಿ ಅಂತ ಪಟ್ಟಿ. ರುಂಡ ಬೇಡ ಅಂದೆ. ಅದೊಂದಕ್ಕೆ ಒಪ್ಪಿದರು.

ಮೊದಲ ಸಲ 10 ಎಂಎಂ ಸರಳು, ಕೋಳಿಮೆಶ್ (ಕೋಳಿಗೂಡಿಗೆ ಹಾಕುವ ತಂತಿಬಲೆ), ಮೇಲೆ ಗಾರೆ. ಕೈಗೆ ನಿಜವಾದ ಮರದ ಒನಕೆ ಕೊಟ್ಟೆ. ದೊಡ್ಡ ಜಾಣತನ ಅಂದುಕೊಂಡಿದ್ದೆ. ಮಳೆಗೆ ಮರ ಉಬ್ಬಿತು, ಬೆರಳೆಲ್ಲ ಒಡೆದು ಉದುರಿದವು. ಎರಡನೇ ಸಲ ಜಿಐ ಪೈಪಿನ ಒನಕೆ. ಏಪ್ರಿಲ್ ಬಿಸಿಲು, ಸಿಮೆಂಟು ಬೇಗ ಒಣಗದಂತೆ ನೀರು ಹೊಡೆಯಬೇಕಿದ್ದ ಹುಡುಗ ಹೇಳದೆ ಊರಿಗೆ ಹೋದ. ಕಂಕುಳಲ್ಲೇ ಬಿರುಕು. ಸುಮಾರು 40,000 ಮಣ್ಣುಪಾಲು.

ಆಗ ನಮ್ಮವ್ವ ಅಂದಳು: "ಒನಕೇನ ಯಾರಾದ್ರೂ ಗದೆ ಹಿಡಿದಂಗೆ ಹಿಡೀತಾರೇನೋ?" ಕುಟ್ಟುವುದನ್ನು ಮಾಡಿ ತೋರಿಸಿದಳು. ಒನಕೆ ನೆಟ್ಟಗೆ, ಒಂದು ಕೈ ಮೇಲೆ, ಒಂದು ಕೆಳಗೆ. ಕಥೆಯೂ ಹಾಗೇ ಅಲ್ವಾ? ಗಂಡ ಕಹಳೆ ಮುದ್ದಹನುಮ ಉಣ್ಣಲು ಕೂತಿದ್ದ. ನೀರಿಗೆ ಹೋದವಳ ಕಣ್ಣಿಗೆ ಕಿಂಡಿಯಲ್ಲಿ ತೂರಿ ಬರುವ ಹೈದರಾಲಿಯ ಸೈನಿಕರು ಬಿದ್ದರು. ಒಬ್ಬೊಬ್ಬನೇ ತಲೆ ಹೊರಗೆ ಹಾಕಿದ ಹಾಗೆ ಕುಟ್ಟಿದಳು.

ಹಾಗಾಗಿ ಒನಕೆಯ ತುದಿಯನ್ನು ಕಾಲ ಬಳಿ ಮಾಡಿದ ಕಿಂಡಿಯ ಬಂಡೆ ಅಂಚಿಗೆ ಊರಿಸಿದೆ. ಒಳಗಿನ ಪೈಪು ಬಂಡೆ ದಾಟಿ ತಳದ ಪ್ಲೇಟಿಗೆ ವೆಲ್ಡ್. ಅಲ್ಲಿಗೆ ಪ್ರತಿಮೆಗೆ ಮೂರು ಕಾಲು. ತೋಳಿನ ಭಾರವೆಲ್ಲ ಒನಕೆ ಮೇಲೆ. "ಒನಕೆ ಎತ್ತದ ಓಬವ್ವ ಯಾವ ಸೀಮೆ ಓಬವ್ವ?" ಅಂದರು ಸಮಿತಿಯವರು. ಒಂದು ಮಳೆಗಾಲ ತಡೆದ ಮೇಲೆ ಬಾಕಿ ಕೊಡಿ ಅಂದುಬಿಟ್ಟೆ. ಅದು ನಾನು ಮಾಡಿದ ತಪ್ಪು.

ನಡುವೆ ಬಂಡೆಯ ಮೇಲೊಂದು ಪ್ರಯೋಗ. ಹಳೇ ಕಾಲದವರಂತೆ ಸುಣ್ಣದ ಗಾರೆಗೆ ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಬೆರೆಸಿದೆ. ಗಾರೆ ಚೆನ್ನಾಗೇ ಕಚ್ಚಿತು. ಆದರೆ ವಾರವಿಡೀ ಇರುವೆ ಸಾಲು! ಹಿಂಭಾಗಕ್ಕಷ್ಟೇ ಬಿಟ್ಟೆ. ಸೆರಗಿನ ನೆರಿಗೆಗೆ ಹಳೇ ಕಾಟನ್ ಸೀರೆಯನ್ನು ಸಿಮೆಂಟ್ ಹಾಲಿನಲ್ಲಿ (ನೀರಾಗಿ ಕಲಸಿದ ಸಿಮೆಂಟು) ಅದ್ದಿ ಹೊದಿಸಿದೆ. ಎಷ್ಟು ಹೊತ್ತು ಬಿಟ್ಟು ಮಡಿಕೆ ತಿದ್ದಬೇಕು ಅನ್ನುವುದನ್ನು ಹೇಳಲ್ಲ. ಕಂಚಿನ ಬಣ್ಣದ ಕೊನೆ ಕೋಟೂ ಅಷ್ಟೇ, ಹೊಟ್ಟೆಪಾಡು.

ಕಲ್ಲಿನ ಬರಹಕ್ಕೂ ಜಗಳ ಆಯಿತು. "ಕೋಟೆ ಉಳಿಸಿದವಳು" ಅಂತ ಕೆತ್ತಲು ಹೇಳಿದರು. 1779ರಲ್ಲಿ ದುರ್ಗ ಹೈದರನ ಪಾಲಾಯಿತಲ್ಲ ಅಂದೆ. ಕೊನೆಗೆ "ಕಿಂಡಿ ಕಾದವಳು" ಅಂತ ಕೆತ್ತಿದೆ.

ಒಟ್ಟು 25 ಮೂಟೆ ಸಿಮೆಂಟು, ಕೂಲಿ ಸೇರಿ ಎರಡು ಲಕ್ಷದ ಮೇಲೇ ಹೋಯಿತು. ನವೆಂಬರ್ 11ರ ಜಯಂತಿಗೆ ಹಾರ ಹಾಕಿದರು. ಒಬ್ಬ ಅಜ್ಜಿ ಸುತ್ತ ನೋಡಿ, "ಕೈ ಸರಿ ಐತಿ, ಸೊಂಟ ಇನ್ನೊಂಚೂರು ಬಗ್ಬೇಕಿತ್ತು" ಅಂದರು. ನಿಜ, ಬಗ್ಗಬೇಕಿತ್ತು. 30,000 ಬಾಕಿ ಇನ್ನೂ ಬಂದಿಲ್ಲ. ಇನ್ನೊಂದು ಮಳೆಗಾಲ ನೋಡೋಣ ಅಂತಿದ್ದಾರೆ.