ಪ್ಲಾಸ್ಟಿಕ್ ಕಡಿಮೆ ಮಾಡಬೇಕೆ? ಮೊದಲು ಕಸದ ಬುಟ್ಟಿ ಸುರಿಯಿರಿ

ನಮ್ಮ ಮನೆ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದಕ್ಕೆ ಒಂಬತ್ತು ಬಟ್ಟೆ ಚೀಲ ನೇತುಹಾಕಿದ್ದೆ. ಒಂಬತ್ತೂ ಗಟ್ಟಿಮುಟ್ಟು. ಆದರೂ ಅಂಗಡಿಯಿಂದ ವಾಪಸ್ ಬರುವಾಗ ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇರುತ್ತಿತ್ತು. ಪ್ಲಾಸ್ಟಿಕ್ ಕೆಟ್ಟದ್ದು ಅಂತ ಗೊತ್ತಿರಲಿಲ್ಲ ಎಂದಲ್ಲ. ಚೀಲ ಮೊಳೆಯಲ್ಲಿ, ನಾನು ಅಂಗಡಿಯಲ್ಲಿ. ಅಷ್ಟೇ ತೊಂದರೆ.

ಹೆಚ್ಚಿನವರ ಕಥೆ ಇದೇ ಅಲ್ವಾ? ಮನಸ್ಸಿದೆ, ನೆನಪಿಲ್ಲ. ಹಾಗಾಗಿ ಇಲ್ಲಿ ಉಪದೇಶ ಬೇಡ. ಒಂದು ಲೆಕ್ಕ ಮಾತ್ರ ಹೇಳಿ ಕೆಲಸಕ್ಕೆ ಇಳಿಯುತ್ತೇನೆ. 1950ರಲ್ಲಿ ಇಡೀ ಜಗತ್ತು ವರ್ಷಕ್ಕೆ ತಯಾರಿಸುತ್ತಿದ್ದ ಪ್ಲಾಸ್ಟಿಕ್ ಸುಮಾರು 20 ಲಕ್ಷ ಟನ್. 2019ರಲ್ಲಿ ಅದು ಸುಮಾರು 46 ಕೋಟಿ ಟನ್. ಇಷ್ಟೆಲ್ಲ ಎಲ್ಲಿಗೆ ಹೋಗುತ್ತದೆ ಎಂದು 2017ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. 2015ರವರೆಗೆ ಕಸವಾದ ಪ್ಲಾಸ್ಟಿಕ್‌ನಲ್ಲಿ ಮರುಬಳಕೆ ಆಗಿದ್ದು ನೂರಕ್ಕೆ 9 ಪಾಲು, ಸುಟ್ಟಿದ್ದು 12 ಪಾಲು. ಉಳಿದ 79 ಪಾಲು ಕಸದ ಗುಡ್ಡದಲ್ಲೋ, ಮಣ್ಣಿನಲ್ಲೋ, ನೀರಿನಲ್ಲೋ ಹಾಗೇ ಬಿದ್ದಿದೆ. ‘ಬಳಸಿ ಮರುಬಳಕೆಗೆ ಕೊಟ್ಟರಾಯಿತು ಬಿಡಿ’ ಅನ್ನುವ ಮಾತು ಎಷ್ಟು ದೂರ ನಡೆಯುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ. ತಡೆಯುವುದಾದರೆ ಮನೆ ಬಾಗಿಲಲ್ಲೇ ತಡೆಯಬೇಕು.

ಹೆಜ್ಜೆ 1: ಒಂದು ವಾರದ ಕಸ ಎಣಿಸಿ

ಯಾವುದನ್ನೂ ಕೊಳ್ಳುವ ಮೊದಲು, ಯಾವುದನ್ನೂ ಬಿಡುವ ಮೊದಲು ಇದನ್ನು ಮಾಡಿ. ಒಂದು ವಾರ ಮನೆಯಲ್ಲಿ ಖಾಲಿಯಾಗುವ ಪ್ಲಾಸ್ಟಿಕ್ಕನ್ನೆಲ್ಲ ಬೇರೆ ಬುಟ್ಟಿಗೆ ಹಾಕಿ. ಜಿಡ್ಡಿದ್ದರೆ ಒಮ್ಮೆ ತೊಳೆದು ಹಾಕಿ, ಇಲ್ಲದಿದ್ದರೆ ಮೂರನೇ ದಿನಕ್ಕೆ ಇರುವೆ ಬರುತ್ತವೆ. ವಾರದ ಕೊನೆಗೆ ಹಳೇ ಪೇಪರ್ ಹಾಸಿ ಸುರಿಯಿರಿ. ಕವರ್ ಒಂದು ಕಡೆ, ಪ್ಯಾಕೆಟ್ ಒಂದು ಕಡೆ, ಬಾಟಲಿ ಒಂದು ಕಡೆ, ಚೂರುಪಾರು ಇನ್ನೊಂದು ಕಡೆ. ಆಮೇಲೆ ಎಣಿಸಿ ಬರೆದಿಡಿ.

ನಮ್ಮಲ್ಲಿ ಬಾಟಲಿಯೇ ಜಾಸ್ತಿ ಇರುತ್ತದೆ ಅಂದುಕೊಂಡಿದ್ದೆ. ಒಟ್ಟು 71 ತುಂಡುಗಳಲ್ಲಿ ಬಾಟಲಿ ನಾಲ್ಕೇ. ಅಂಗಡಿ ಕವರ್ 17, ಚೂರುಪಾರು 12. ಮಿಕ್ಕಿದ 38 ಪ್ಯಾಕೆಟ್‌ಗಳು. ಅವುಗಳಲ್ಲೂ ಅರ್ಧಕ್ಕರ್ಧ ಅಂಗೈ ಅಗಲದ ಕುರುಕಲು ತಿಂಡಿಯ ಪ್ಯಾಕೆಟ್. ತಿಂದದ್ದು ನಾನೇ, ಇನ್ನೊಬ್ಬರ ಮೇಲೆ ಹಾಕುವಂತಿರಲಿಲ್ಲ.

ಈ ಎಣಿಕೆಯಿಂದ ಒಂದು ಲಾಭ ಇದೆ. ಪ್ರತಿ ಮನೆಯಲ್ಲೂ ಪದೇ ಪದೇ ಬರುವುದು ನಾಲ್ಕೈದು ವಸ್ತು ಮಾತ್ರ. ಅವುಗಳನ್ನು ಹಿಡಿದರೆ ಸಾಕು. ವರ್ಷಕ್ಕೊಂದು ಬಕೆಟ್ ಕೊಳ್ಳುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಹೆಜ್ಜೆ 2: ಇರುವುದನ್ನು ಎಸೆಯಬೇಡಿ

ಉತ್ಸಾಹ ಬಂದ ದಿನ ಜನ ಮಾಡುವ ಮೊದಲ ತಪ್ಪು ಇದು. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿ, ಗಾಜಿನ ಡಬ್ಬಿಗಳ ಹೊಸ ಸೆಟ್ ತರುವುದು. ಫೋಟೊಗೆ ಚೆನ್ನಾಗಿರುತ್ತದೆ. ಆದರೆ ಚೆನ್ನಾಗಿದ್ದ ಡಬ್ಬಿ ಕಸವಾಯಿತು, ಹೊಸ ಡಬ್ಬಿಯ ತಯಾರಿಗೆ ಇನ್ನಷ್ಟು ಇಂಧನ ಖರ್ಚಾಯಿತು. ಡಬ್ಬಿ ಒಡೆಯುವ ತನಕ ಬಳಸಿ. ಕೆಲಸ ಮಾತ್ರ ಬದಲಿಸಿ. ಬಿಸಿ ಊಟ, ಎಣ್ಣೆ, ಹುಳಿ ಪದಾರ್ಥ ಇದ್ದ ಡಬ್ಬಿಗೆ ಇನ್ನು ಮುಂದೆ ಗುಂಡಿ, ಸೂಜಿ, ಮೊಳೆ ಹಾಕಿಡಿ. ಬಿಸಿಯಾದಷ್ಟೂ ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕ ಊಟಕ್ಕೆ ಇಳಿಯುವುದು ಹೆಚ್ಚು. ಮೈಕ್ರೋವೇವ್‌ನಲ್ಲಂತೂ ಪ್ಲಾಸ್ಟಿಕ್ ಡಬ್ಬಿ ಇಡಲೇಬೇಡಿ.

ಹೆಜ್ಜೆ 3: ಚೀಲಕ್ಕೆ ಜಾಗ ಬದಲಿಸಿ

ನಾವು ಈಗ ಕವರ್ ಅನ್ನುವ, ಹಿಡಿಕೆ ಸಮೇತ ಒಂದೇ ಹಾಳೆಯಂತಿರುವ ಚೀಲವನ್ನು ರೂಪಿಸಿದವರು ಸ್ವೀಡನ್‌ನ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್. ಅವರ ಕಂಪನಿ ಸೆಲ್ಲೋಪ್ಲಾಸ್ಟ್ ಅದಕ್ಕೆ ಪೇಟೆಂಟ್ ಪಡೆದದ್ದು 1965ರಲ್ಲಿ. ಹಗುರ, ಗಟ್ಟಿ, ನೀರಿಗೆ ಜಗ್ಗದು. ಹತ್ತಾರು ಸಲ ಬಳಸಬಹುದಾದ ವಸ್ತುವನ್ನು ನಾವು ಅಂಗಡಿಯಿಂದ ಮನೆಗೆ ಬರುವಷ್ಟು ಹೊತ್ತು ಬಳಸಿ ಬಿಸಾಡುತ್ತೇವೆ. ಮನೆಯಲ್ಲಿ ಈಗಾಗಲೇ ಕವರ್‌ಗಳ ರಾಶಿ ಇದ್ದರೆ, ಬಟ್ಟೆ ಚೀಲ ಕೊಳ್ಳುವ ಮೊದಲು ಅದನ್ನೇ ಮತ್ತೆ ಅಂಗಡಿಗೆ ಒಯ್ಯಿರಿ.

ಬಟ್ಟೆ ಚೀಲದ ಬಗ್ಗೆಯೂ ಒಂದು ಕಹಿ ಮಾತು ಇದೆ. ಡೆನ್ಮಾರ್ಕ್‌ನ ಪರಿಸರ ಸಂಸ್ಥೆ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಹವಾಮಾನದ ಲೆಕ್ಕವೊಂದನ್ನೇ ನೋಡಿದರೂ, ಸಾಮಾನ್ಯ ಹತ್ತಿಯ ಚೀಲ ಪ್ಲಾಸ್ಟಿಕ್ ಕವರ್‌ಗೆ ಸಮ ಆಗಬೇಕಾದರೆ ಅದನ್ನು 52 ಸಲ ಬಳಸಬೇಕು. ಬೇರೆಲ್ಲ ಪರಿಸರ ಹಾನಿಯನ್ನೂ ಸೇರಿಸಿದರೆ 7,100 ಸಲ! ಹತ್ತಿ ಬೆಳೆಯಲು ಹಿಡಿಯುವ ನೀರು, ಗೊಬ್ಬರ, ಔಷಧಿ ಎಲ್ಲ ಲೆಕ್ಕಕ್ಕೆ ಬರುತ್ತವಲ್ಲ. ಬೀದಿಯಲ್ಲಿ ಹಾರಾಡುವ, ಚರಂಡಿ ಕಟ್ಟುವ ಕವರ್‌ನ ಕಾಟವನ್ನು ಆ ಅಧ್ಯಯನ ಸೇರಿಸಿಲ್ಲ, ಅದು ಬೇರೆ ಮಾತು. ಆದರೂ ನನ್ನ ಒಂಬತ್ತು ಚೀಲ ಪರಿಸರಪ್ರೇಮ ಅಲ್ಲ, ಸುಮ್ನೆ ಸಂಗ್ರಹ. ಆರನ್ನು ಬೇಕಾದವರಿಗೆ ಕೊಟ್ಟೆ. ಮೂರು ಉಳಿಸಿಕೊಂಡೆ.

ಆ ಮೂರಕ್ಕೆ ಜಾಗ ಹುಡುಕಿದ್ದೇ ನಿಜವಾದ ಕೆಲಸ. ಒಂದು ಗಾಡಿಯಲ್ಲಿ. ಒಂದು ದಿನಾ ಕೆಲಸಕ್ಕೆ ಒಯ್ಯುವ ಬ್ಯಾಗಿನ ಒಳಜೇಬಲ್ಲಿ, ನಾಲ್ಕು ಮಡಿಕೆ ಮಾಡಿ. ಇನ್ನೊಂದು ಮನೆ ಕೀಲಿ ತೂಗುಹಾಕುವ ಕೊಕ್ಕೆಯಲ್ಲೇ, ಕೀಲಿಯ ಮೇಲೆ. ಚೀಲ ತೆಗೆಯದೆ ಕೀಲಿ ಬರುವುದಿಲ್ಲ. ಸಾಮಾನು ಇಳಿಸಿದ ತಕ್ಷಣ ಚೀಲ ಅದರದ್ದೇ ಜಾಗಕ್ಕೆ ಹೋಗಬೇಕು. ‘ಆಮೇಲೆ ಇಟ್ಟರಾಯಿತು’ ಅಂದರೆ ಅದು ಮತ್ತೆ ಬಾಗಿಲ ಹಿಂದಿನ ಮೊಳೆಗೇ ಹೋಗುತ್ತದೆ.

ತರಕಾರಿಗೆ ತೆಳು ಬಟ್ಟೆಯ ನಾಲ್ಕೈದು ಸಣ್ಣ ಚೀಲ ಬೇಕು. ಹಳೇ ದಿಂಬಿನ ಕವರ್, ಹರಿದ ಅಂಗಿ ಏನಾದರೂ ನಡೆಯುತ್ತದೆ, ಬಾಯಿಗೆ ಒಂದು ದಾರ ಇದ್ದರಾಯಿತು. ಒಂದು ಸೂಕ್ಷ್ಮ ಹೇಳುತ್ತೇನೆ. ‘ಕವರ್ ಬೇಡ’ ಎನ್ನುವ ಮಾತನ್ನು ತೂಕಕ್ಕೆ ಇಡುವ ಮೊದಲೇ ಹೇಳಬೇಕು. ಅಂಗಡಿಯವರ ಕೈ ಬಲು ಚುರುಕು. ನಾವು ಬಾಯಿ ತೆರೆಯುವಷ್ಟರಲ್ಲಿ ಗಂಟು ಬಿದ್ದಿರುತ್ತದೆ. ಬಿಚ್ಚಿಸಿದರೂ ಆ ಕವರ್ ಬಹಳ ಸಲ ಪಕ್ಕದ ಬುಟ್ಟಿಗೇ ಹೋಗುತ್ತದೆ. ಚೀಲ ಮರೆತೇ ಹೋಯಿತೆ? ಅಂಗಡಿಯಲ್ಲಿ ಖಾಲಿ ರಟ್ಟಿನ ಡಬ್ಬ ಇದೆಯಾ ಅಂತ ಕೇಳಿ. ಸಾಮಾನ್ಯವಾಗಿ ಇರುತ್ತದೆ.

ಹೆಜ್ಜೆ 4: ದೊಡ್ಡ ಪ್ಯಾಕೆಟ್, ಕಡಿಮೆ ಪ್ಲಾಸ್ಟಿಕ್

ಹತ್ತು ಸಣ್ಣ ಪ್ಯಾಕೆಟ್‌ಗೆ ಹಿಡಿಯುವ ಪ್ಲಾಸ್ಟಿಕ್, ಅಷ್ಟೇ ಪದಾರ್ಥ ತುಂಬಿದ ಒಂದು ದೊಡ್ಡ ಪ್ಯಾಕೆಟ್‌ಗೆ ಹಿಡಿಯುವುದಿಲ್ಲ. ಸಕ್ಕರೆ, ಹಿಟ್ಟು, ಸೋಪಿನ ಪುಡಿ ಇಂಥವು ಕೆಡುವುದಿಲ್ಲ ಅನ್ನುವ ಧೈರ್ಯ ಇದ್ದರೆ ದೊಡ್ಡದನ್ನೇ ತನ್ನಿ. ಬಿಡಿಯಾಗಿ ತೂಗಿ ಕೊಡುವ ಕಡೆ ಡಬ್ಬಿ ಒಯ್ದರೆ ಇನ್ನೂ ಒಳ್ಳೆಯದು. ಖಾಲಿ ಡಬ್ಬಿಯ ತೂಕ ಮೊದಲೇ ನೋಡಿಸಿಕೊಳ್ಳಿ, ಆಮೇಲೆ ಜಗಳ ಬೇಡ.

ಒಂದು ಸಲದ ಶಾಂಪೂ ಸ್ಯಾಶೆ ಇದೆಯಲ್ಲ, ಅದನ್ನು ಕತ್ತರಿಸಿ ಒಳಗೆ ನೋಡಿ. ಹಲವು ಸ್ಯಾಶೆಗಳ ಒಳಗೆ ಬೆಳ್ಳಿ ಬಣ್ಣ ಕಾಣುತ್ತದೆ. ಪ್ಲಾಸ್ಟಿಕ್, ಅಲ್ಯೂಮಿನಿಯಂ, ಮತ್ತೆ ಪ್ಲಾಸ್ಟಿಕ್, ಹೀಗೆ ಪದರದ ಮೇಲೆ ಪದರ ಅಂಟಿಸಿರುತ್ತಾರೆ. ಗಾಳಿ, ತೇವ ಒಳಗೆ ಹೋಗಬಾರದು ಅಂತ. ಆ ಪದರಗಳನ್ನು ಬಿಡಿಸುವುದು ಬಲು ಕಷ್ಟ, ಖರ್ಚೂ ಜಾಸ್ತಿ. ಹಾಗಾಗಿ ಮರುಬಳಕೆಯವರು ಅದನ್ನು ಮುಟ್ಟುವುದಿಲ್ಲ. ಬೇರೇನೂ ಬಿಡಲು ಆಗದಿದ್ದರೂ ಸ್ಯಾಶೆ ಬಿಡಿ.

ಉಳಿದ ಅಡುಗೆ ಮುಚ್ಚಲು ಪ್ಲಾಸ್ಟಿಕ್ ಹಾಳೆ ಬೇಡ. ಬಟ್ಟಲಿನ ಮೇಲೆ ಒಂದು ತಟ್ಟೆ ಬೋರಲು ಹಾಕಿದರೆ ಆಯಿತು.

ಹೆಜ್ಜೆ 5: ಹೊರಗೆ ಹೋದಾಗ

ನೀರಿನ ಬಾಟಲಿ ಒಯ್ಯಿರಿ. ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ.

ಯಾರೂ ಹೇಳದ್ದು ಪೇಪರ್ ಲೋಟದ ವಿಷಯ. ಪ್ಲಾಸ್ಟಿಕ್ ಅಲ್ಲ ಅಂತ ನೆಮ್ಮದಿಯಿಂದ ಕುಡಿಯುತ್ತೇವೆ. ಕುಡಿದ ಲೋಟವನ್ನು ಮನೆಗೆ ತಂದು ಒಂದಷ್ಟು ಹೊತ್ತು ಬಿಸಿನೀರಲ್ಲಿ ನೆನೆಸಿ. ಅಂಚನ್ನು ಹರಿದು ಉಗುರಿನಿಂದ ಕೆರೆಯಿರಿ. ಕಾಗದ ಮುದ್ದೆಯಾಗಿ ಬಿಡುತ್ತದೆ, ಒಳಗಿನಿಂದ ತೆಳ್ಳಗಿನ ಪೊರೆಯೊಂದು ಎದ್ದು ಬರುತ್ತದೆ. ಸಾಮಾನ್ಯವಾಗಿ ಅದು ಪಾಲಿಥಿನ್. ಆ ಪೊರೆ ಇಲ್ಲದಿದ್ದರೆ ಲೋಟ ಐದೇ ನಿಮಿಷದಲ್ಲಿ ಕೈಯಲ್ಲೇ ಕರಗುತ್ತಿತ್ತು. ಕಾಫಿ, ಟೀ ಅಭ್ಯಾಸ ಇರುವವರು ಬ್ಯಾಗಿನಲ್ಲಿ ಒಂದು ಸ್ಟೀಲ್ ಲೋಟ ಇಟ್ಟುಕೊಂಡರೆ ಈ ರಗಳೆಯೇ ಇಲ್ಲ. ಮೊದಲ ಎರಡು ದಿನ ಮುಜುಗರ ಆಗುತ್ತದೆ, ಮೂರನೇ ದಿನ ಆಗುವುದಿಲ್ಲ.

ಊಟ ತರಿಸುವಾಗ ‘ಚಮಚ, ಸ್ಟ್ರಾ ಬೇಡ’ ಎಂದು ಬರೆಯಿರಿ. ಮನೆಯಲ್ಲಿ ಚಮಚ ಇದ್ದೇ ಇರುತ್ತದಲ್ಲ.

ಹೆಜ್ಜೆ 6: ಬಚ್ಚಲುಮನೆ, ಬಟ್ಟೆ

ಕೈ ತೊಳೆಯುವ ಸೋಪು ಬಿಲ್ಲೆ ರೂಪದಲ್ಲಿ ಕಾಗದ ಸುತ್ತಿ ಬರುತ್ತದೆ. ಅದೇ ದ್ರವವಾದರೆ ಬಾಟಲಿ, ಅದರ ಮೇಲೊಂದು ಪಂಪ್, ಪಂಪಿನೊಳಗೆ ಲೋಹದ ಸ್ಪ್ರಿಂಗ್. ದ್ರವವೇ ಬೇಕೆಂದರೆ ಒಂದು ಬಾಟಲಿ ಇಟ್ಟುಕೊಂಡು ಮರುತುಂಬಿಸಿಕೊಳ್ಳಿ. ಒರೆಸಿ ಎಸೆಯುವ ಒದ್ದೆ ವೈಪ್ಸ್ ನೋಡಲು ಬಟ್ಟೆಯಂತಿದ್ದರೂ ಬಹಳಷ್ಟರಲ್ಲಿ ಪಾಲಿಯೆಸ್ಟರ್ ಇರುತ್ತದೆ. ಒದ್ದೆ ಕರವಸ್ತ್ರ ಅದೇ ಕೆಲಸ ಮಾಡುತ್ತದೆ. ಬಿದಿರಿನ ಹಲ್ಲುಜ್ಜುವ ಬ್ರಷ್ ಕೊಂಡವರು ಪೂರ್ತಿ ಬೀಗುವಂತಿಲ್ಲ. 1938ರಿಂದ ಬ್ರಷ್‌ಗೆ ಬಂದ ನೈಲಾನ್ ಎಳೆ ಬಿದಿರಿನ ಬ್ರಷ್‌ನಲ್ಲೂ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಬಟ್ಟೆಯಲ್ಲೂ ಪ್ಲಾಸ್ಟಿಕ್ ಇದೆ. ಪಾಲಿಯೆಸ್ಟರ್, ನೈಲಾನ್, ಅಕ್ರಿಲಿಕ್ ಎಲ್ಲ ಅದೇ ಜಾತಿ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಕಂಡುಕೊಂಡಂತೆ, 6 ಕೆ.ಜಿ. ಅಕ್ರಿಲಿಕ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ 7 ಲಕ್ಷಕ್ಕೂ ಹೆಚ್ಚು ಸಣ್ಣ ಎಳೆ ನೀರಿಗೆ ಸೇರಬಹುದು. ಯಂತ್ರ ತುಂಬುವಷ್ಟು ಬಟ್ಟೆ ಆದ ಮೇಲೆ, ತಣ್ಣೀರಲ್ಲಿ, ಕಡಿಮೆ ಹೊತ್ತು ಒಗೆಯಿರಿ. ಒಮ್ಮೆ ಹಾಕಿದ್ದಕ್ಕೇ ಒಗೆಯಬೇಕೆಂದಿಲ್ಲ.

ಹೆಜ್ಜೆ 7: ಆದರೂ ಬಂದದ್ದನ್ನು

ಪ್ಯಾಕೆಟ್ ಮೇಲೆ ‘ಮಣ್ಣಲ್ಲಿ ಕರಗುತ್ತದೆ’ ಎಂದು ಬರೆದಿದ್ದರೆ ಪೂರ್ತಿ ನಂಬಬೇಡಿ. ಜೋಳದ ಪಿಷ್ಟದಂಥ ವಸ್ತುವಿನಿಂದ ಮಾಡುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸರಿಯಾಗಿ ಕರಗಲು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ಅದು ದೊಡ್ಡ ಗೊಬ್ಬರ ಘಟಕಗಳಲ್ಲಿ ಸಿಗುತ್ತದೆ, ಹಿತ್ತಲ ಗುಂಡಿಯಲ್ಲಿ ಅಷ್ಟು ಬಿಸಿ ನಿಲ್ಲುವುದು ಕಷ್ಟ.

ಬಾಣದ ತ್ರಿಕೋನದೊಳಗಿನ 1ರಿಂದ 7ರವರೆಗಿನ ಅಂಕಿ 1988ರಲ್ಲಿ ಬಂದದ್ದು. ಅದು ಯಾವ ಬಗೆಯ ಪ್ಲಾಸ್ಟಿಕ್ ಎಂದು ಹೇಳುತ್ತದೆಯೇ ಹೊರತು, ಮರುಬಳಕೆ ಆಗುತ್ತದೆ ಎಂದಲ್ಲ. ಸುಲಭವಾಗಿ ಮರುಬಳಕೆ ಆಗುವುದು 1 ಮತ್ತು 2. ನೀರಿನ ಬಾಟಲಿ ತೆಗೆದುಕೊಳ್ಳಿ. ಅದು 1, ಅಂದರೆ ಪೆಟ್. ಅದರ ಮುಚ್ಚಳ ಬೇರೆ ಜಾತಿ. ಬಾಟಲಿಯ ಒಂದು ಚೂರು ಕತ್ತರಿಸಿ, ಮುಚ್ಚಳದ ಜೊತೆ ಬಕೆಟ್ ನೀರಿಗೆ ಹಾಕಿ. ಚೂರು ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಮರುಬಳಕೆ ಕಾರ್ಖಾನೆಗಳಲ್ಲೂ ಪುಡಿ ಮಾಡಿದ ಮೇಲೆ ಹೀಗೇ ಬೇರ್ಪಡಿಸುತ್ತಾರೆ. ನಮ್ಮ ಪಾಲಿನ ಕೆಲಸ ಇಷ್ಟೇ: ತೊಳೆದು, ಒಣಗಿಸಿ, ಊಟದ ಕಸಕ್ಕೆ ತಾಗಿಸದೆ ಕೊಡುವುದು. ಸುಡುವುದು ಮಾತ್ರ ಬೇಡವೇ ಬೇಡ. ಪಿವಿಸಿ ಸೇರಿಕೊಂಡಿದ್ದರೆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ವಿಷ ಬರುತ್ತದೆ.

ಒಂದು ತಿಂಗಳು ಬಿಟ್ಟು ಮತ್ತೆ ಪೇಪರ್ ಹಾಸಿ ಎಣಿಸಿ. ನಮ್ಮಲ್ಲಿ 71 ಇದ್ದದ್ದು 40ಕ್ಕೆ ಇಳಿದಿದೆ. ಕುರುಕಲು ತಿಂಡಿಯಲ್ಲಿ ನಾನಿನ್ನೂ ಪೂರ್ತಿ ಗೆದ್ದಿಲ್ಲ, ದೊಡ್ಡ ಪ್ಯಾಕೆಟ್ ತಂದರೆ ಅದೂ ಒಂದೇ ದಿನಕ್ಕೆ ಖಾಲಿ. ಮಾತ್ರೆಯ ಹಾಳೆಗಳು ಇದ್ದಷ್ಟೇ ಇವೆ, ಅವು ಬೇಕೇ ಬೇಕು. 17 ಇದ್ದ ಅಂಗಡಿ ಕವರ್ ಒಂದಕ್ಕೆ ಬಂದಿದೆ. ಆ ಒಂದು ಬಂದ ದಿನ ಕೀಲಿ ಮೇಲಿನ ಚೀಲವನ್ನು ಒಗೆದು ಹಗ್ಗದ ಮೇಲೆ ಒಣಹಾಕಿದ್ದೆ.